‘ನಮ್ಮ ಮಾತು’ ಎಂಬ ಹೆಸರಿನ ಭಾಷೆ

ಈ ಸಂಚಿಕೆಯಲ್ಲಿ ನಾವು ವಾಚಕರನ್ನು ಸ್ವೀಡನ್ ದೇಶದ ಉತ್ತರದ ಅಂಚಿಗೆ ಕರೆದೊಯ್ಯುತ್ತಿದ್ದೇವೆ. ಅಲ್ಲಿ ಟೋರ್ನೆ ನದಿಯ ಪಶ್ಚಿಮ ದಡದಲ್ಲಿ ಓವರ್‌ಟೋರ್ನಿಯೊ ಎಂಬ ಪುಟ್ಟ ಊರುಂಟು. ಜನಸಂಖ್ಯೆ ಎರಡು ಸಾವಿರವನ್ನೂ ಮುಟ್ಟದು. ಎದುರು ದಡದಲ್ಲಿರುವುದು ಫಿನ್ಲೆಂಡಿನ ಯುಲಿಟೋರ್ನಿಯೊ. ಒಂದು ಸ್ವೀಡಿಷ್ ಹೆಸರು, ಇನ್ನೊಂದು ಫಿನ್ನಿಷ್ ಹೆಸರು. ಅರ್ಥ ಮಾತ್ರ ಒಂದೇ: ಮೇಲಣ ಟೋರ್ನಿಯೊ. ಸೇತುವೆ ದಾಟಿ ಪೂರ್ವಕ್ಕೆ ಹೋದವರು ಗಡಿಯಾರವನ್ನು ಒಂದು ಗಂಟೆ ಮುಂದಿಡಬೇಕು.

ಸುತ್ತಣ ಸೀಮೆಯೂ ಹೆಸರಾದುದೇ. ಉತ್ತರಕ್ಕಿರುವ ಯುವೊಕ್ಸೆಂಗಿ ಹಳ್ಳಿಯ ಮೂಲಕ ಧ್ರುವವೃತ್ತ ಹಾದುಹೋಗುತ್ತದೆ. ಆಚೆ ದಡದ ಆವಸಾಕ್ಸಾ ಗುಡ್ಡದ ನೆತ್ತಿಯಿಂದ ಜೂನ್ ತಿಂಗಳ ನಡುರಾತ್ರಿಯಲ್ಲೂ ಸೂರ್ಯದರ್ಶನವಾಗುತ್ತದೆ. 1736ರಲ್ಲಿ ಫ್ರೆಂಚ್ ಪಂಡಿತ ಮೊಪೆರ್ತುಯಿ ಈ ಕಣಿವೆಗೆ ಬಂದು, ಆ ಗುಡ್ಡವನ್ನೂ ಗುರುತಾಗಿಟ್ಟುಕೊಂಡು ಅಳತೆ ಕೈಗೊಂಡನು. ಭೂಮಿಯು ಧ್ರುವಗಳ ಬಳಿ ಚಪ್ಪಟೆಯಾಗಿದೆಯೆಂಬ ಮಾತಿಗೆ ಅದರಿಂದ ಬಲ ದೊರೆಯಿತು. ಆಗ ಎರಡೂ ದಡಗಳು ಒಂದೇ ರಾಜ್ಯಕ್ಕೆ ಸೇರಿದ್ದವು. ಎರಡೂ ಕಡೆಯ ಆಡುಮಾತು ಫಿನ್ನಿಷ್.

1809ರಲ್ಲಿ ಸ್ವೀಡನ್ ಯುದ್ಧದಲ್ಲಿ ಸೋತು ಫಿನ್ಲೆಂಡನ್ನು ರಷ್ಯಾಕ್ಕೆ ಬಿಟ್ಟುಕೊಟ್ಟಿತು. ನದಿಯೇ ಗಡಿಯಾಯಿತು, ಬಂಧುಗಳು ಎರಡು ದೇಶಗಳ ಪ್ರಜೆಗಳಾದರು. 1888ರಲ್ಲಿ ಸ್ವೀಡನ್ ಸರಕಾರವು ಪಶ್ಚಿಮ ದಡದಲ್ಲಿ ತನ್ನ ಖರ್ಚಿನಿಂದಲೇ ಶಾಲೆಗಳನ್ನು ತೆರೆಯತೊಡಗಿತು. ಆದರೆ ಪಾಠವೆಲ್ಲವೂ ಸ್ವೀಡಿಷಿನಲ್ಲಿ. ಮನೆಮಾತನ್ನಾಡಿದ ಮಕ್ಕಳು ಶಿಕ್ಷೆಗೆ ಗುರಿಯಾದುದುಂಟು. ಈ ನಿರ್ಬಂಧ ಸಡಿಲಿದುದು 1957ರಲ್ಲಿ. ಅಷ್ಟರಲ್ಲಿ, ತಾವು ಪಟ್ಟ ಅವಮಾನ ಮಕ್ಕಳಿಗೆ ಬಾರದಿರಲೆಂದು ಎಷ್ಟೋ ತಾಯ್ತಂದೆಗಳು ಮನೆಯಲ್ಲಿಯೂ ಸ್ವೀಡಿಷನ್ನೇ ಆಡತೊಡಗಿದ್ದರು. ಅವರನ್ನು ದೂರುವಂತಿಲ್ಲ.

ಉಳಿದ ಆಡುಮಾತಿನಲ್ಲಿ ಹಳೆಯ ಫಿನ್ನಿಷ್ ರೂಪಗಳೂ ಸ್ವೀಡಿಷ್ ಪದಗಳೂ ಬೆರೆತಿವೆ. ಜನರು ಅದನ್ನು ‘ಮೆಯಾನ್‌ಕಿಯೆಲಿ’ ಎಂದು ಕರೆದರು. ಹಾಗೆಂದರೆ ‘ನಮ್ಮ ಮಾತು’. 1981ರಲ್ಲಿ ತಮ್ಮದೊಂದು ಸಂಘವನ್ನು ಕಟ್ಟಿಕೊಂಡರು. 2000ದ ಏಪ್ರಿಲಿನಲ್ಲಿ ಸ್ವೀಡನ್ ಅದನ್ನು ಅಲ್ಪಸಂಖ್ಯಾತರ ಭಾಷೆಯೆಂದು ಮನ್ನಿಸಿತು. ಹಿಂದೆ ನಡೆದ ಅನ್ಯಾಯವನ್ನು ವಿಚಾರಿಸಲು ನೇಮಿಸಿದ್ದ ಆಯೋಗವು 2023ರ ನವೆಂಬರಿನಲ್ಲಿ ವರದಿಯೊಪ್ಪಿಸಿತು.

ಮನ್ನಣೆ ಬಂದುದು ಸಂತೋಷ. ಆದರೆ ಅಜ್ಜಿ ‘ನಮ್ಮ ಮಾತಿ’ನಲ್ಲಿ ಕೇಳಿದರೆ ಮೊಮ್ಮಗು ಸ್ವೀಡಿಷಿನಲ್ಲಿ ಉತ್ತರಿಸುವ ಮನೆಗಳು ಅಲ್ಲಿ ಅನೇಕ. ಗಡಿಯ ಈಚೆ ಬಾಳುವ ನಮಗೆ ಇಂಥ ಮನೆ ಅಪರಿಚಿತವೇನಲ್ಲ. ಕಾನೂನು ಶಾಲೆಯ ಬಾಗಿಲನ್ನು ತೆರೆದೀತು. ಅಜ್ಜಿಗೆ ಅವಳ ಮಾತಿನಲ್ಲೇ ಉತ್ತರ ಕೊಡಬೇಕಾದವರು ಮನೆಯವರೇ.