ಕೊಡಲಿ ಹುಟ್ಟಿದ ಬೆಟ್ಟವೂ ಉಳಿಯಲಿ



ಕಳೆದ ವಾರ ಮೊಮ್ಮಗಳನ್ನು ಕರೆದುಕೊಂಡು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಚಿಕ್ಕ ಜಾಗ, ಬೇಗ ಮುಗಿಯುತ್ತದೆ ಎಂದುಕೊಂಡಿದ್ದೆವು. ಹೊರಬಂದಾಗ ಊಟದ ಹೊತ್ತು ಮೀರಿತ್ತು.

ಫೂಟ್ ಭೂವಿಜ್ಞಾನಿ. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಆಯುಧ ಗುರುತಿಸಿದವರು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಸಂಗನಕಲ್ಲಿನ ಕಲ್ಲುಕೊಡಲಿಗಳು. ಅಲ್ಲಿನ ಹಿರೇಗುಡ್ಡದ ಕಪ್ಪು ಡಾಲರೈಟ್ ಶಿಲೆಯನ್ನು ಒಡೆದು, ಕುಟ್ಟಿ, ಬಂಡೆಯ ಮೇಲೆ ಉಜ್ಜಿ ಉಜ್ಜಿ ಅಂಚು ತಂದಿದ್ದಾರೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ಕೈಕೆಲಸ! ಅಲ್ಲಿನ ಉತ್ಖನನದಲ್ಲಿ ಸುಟ್ಟು ಕರಕಲಾದ ಹುರುಳಿ, ಹೆಸರು, ಕೊರಲೆ ಕಾಳುಗಳೂ ಸಿಕ್ಕಿವೆ. ನಮ್ಮ ಮನೆಯಲ್ಲಿ ಈಗಲೂ ವಾರಕ್ಕೊಮ್ಮೆ ಹುರುಳಿ ಸಾರು. ಹಂಪಿ ಬಳಿಯ ನಿಂಬಾಪುರದ ಬೂದಿದಿಬ್ಬ ರಾಮಾಯಣದ ವಾಲಿಯ ಚಿತೆ ಎಂದು ನಮ್ಮಜ್ಜಿ ಹೇಳುತ್ತಿದ್ದರು. ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ ಎಂದು ಸಂಗ್ರಹಾಲಯದಲ್ಲಿ ತಿಳಿದಾಗ ಮೊಮ್ಮಗಳ ಕಣ್ಣರಳಿತು. ಅವಳಿಗೆ ಎರಡು ಕಥೆಯೂ ಬೇಕಂತೆ.

ಬೇಸರವೊಂದಿದೆ. ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಿಗೆ ಕಲ್ಲು ಗಣಿಗಾರಿಕೆಯಿಂದ ಹಾನಿಯಾಗಿದೆ. ತಟ್ಟಿದರೆ ಗಂಟೆಯಂತೆ ನುಡಿಯುವ ಬಂಡೆಗಳು, ಕುಟ್ಟಿ ಬಿಡಿಸಿದ ಗೂಳಿಗಳ ಚಿತ್ರಗಳು ಇರುವುದು ಅಲ್ಲೇ. ಕೊಡಲಿ ಗಾಜಿನ ಪೆಟ್ಟಿಗೆಯಲ್ಲಿ ಉಳಿದು, ಅದು ಹುಟ್ಟಿದ ಬೆಟ್ಟವೇ ಜಲ್ಲಿಯಾದರೆ ಮಕ್ಕಳಿಗೆ ಏನು ತೋರಿಸೋಣ? ಒಂದೆರಡು ಬಂಡೆಗಲ್ಲ, ಇಡೀ ಬೆಟ್ಟಸಾಲಿಗೆ ರಕ್ಷಣೆ ಬೇಕು. ಹಂಪಿಗೆ ಹೋಗುವ ಶಾಲಾ ಪ್ರವಾಸದ ಬಸ್ಸುಗಳು ಅರ್ಧ ದಿನ ಬಳ್ಳಾರಿಯಲ್ಲೂ ನಿಲ್ಲಲಿ.

— ಓದುಗ, ಹೊಸಪೇಟೆ