ಗಿಟಾರ್ ಕೊಳ್ಳುವ ಮುನ್ನ

ಒಂದೆರಡು ವರ್ಷ ಕಲಿತ ವಿದ್ಯಾರ್ಥಿಗೆ ಇನ್ನಷ್ಟು ಒಳ್ಳೆಯ ಕ್ಲಾಸಿಕಲ್ ಗಿಟಾರ್ ಬೇಕೆನಿಸುವುದು ಸಹಜ. ತೀರ ಅಗ್ಗವೂ ಅಲ್ಲದ, ದುಬಾರಿಯೂ ಅಲ್ಲದ ವಾದ್ಯ ಕೊಳ್ಳುವಾಗ ಹೆತ್ತವರು ಹೊಳಪಿಗೆ ಮರುಳಾಗದೆ ಮುಂಬದಿಯ ಹಲಗೆಯನ್ನು ನೋಡಬೇಕು. ನಾದದ ಜೀವ ಇರುವುದು ಅಲ್ಲೇ. ಸ್ಪೇನಿನ ಗಿಟಾರ್ ತಯಾರಕ ಆಂಟೋನಿಯೊ ಡಿ ಟೊರೆಸ್ 1862ರಲ್ಲಿ ಹಿಂಬದಿ, ಪಕ್ಕಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ ಇದನ್ನು ತೋರಿಸಿಕೊಟ್ಟಿದ್ದ.

ಆದ್ದರಿಂದ ಹಿಂಬದಿ ಪ್ಲೈವುಡ್ ಆದರೂ ಚಿಂತೆಯಿಲ್ಲ. ಮುಂಬದಿ ಮಾತ್ರ ಸ್ಪ್ರೂಸ್ ಅಥವಾ ಸೀಡರ್ ಮರದ ಅಸಲಿ ಹಲಗೆಯಾಗಿರಲಿ. ನಡುವಿನ ರಂಧ್ರದ ಅಂಚನ್ನು ಗಮನಿಸಿ: ಮೇಲಿನ ಗೆರೆಗಳು ದಪ್ಪದೊಳಕ್ಕೂ ಇಳಿದಿದ್ದರೆ ಅಸಲಿ ಮರ, ಪದರಗಳು ಕಂಡರೆ ಪ್ಲೈವುಡ್.

ಬಳಿಕ 12ನೇ ಫ್ರೆಟ್‌ನ ಪರೀಕ್ಷೆ. ಅದರ ನೇರಕ್ಕೆ ತಂತಿಗೆ ಬೆರಳು ತಾಗಿಸಿ ಮೀಟಿ. ಆಮೇಲೆ ಒತ್ತಿ ಮೀಟಿ. ಎರಡೂ ಸ್ವರ ಒಂದೇ ಆಗಿರಬೇಕು. ಅಲ್ಲಿ ತಂತಿ 3ರಿಂದ 4 ಮಿ.ಮೀ. ಎತ್ತರದಲ್ಲಿದ್ದರೆ ಸಾಕು, ಹೆಚ್ಚಾದರೆ ಬೆರಳು ನೊಂದು ಮಗು ವಾದ್ಯವನ್ನೇ ಮೂಲೆಗಿಟ್ಟೀತು. 650 ಮಿ.ಮೀ. ತಂತಿಯಳತೆ ದೊಡ್ಡವರದು, ಪುಟ್ಟ ಕೈಗೆ ಮುಕ್ಕಾಲು ಅಳತೆಯದೇ ಸರಿ. ನೈಲಾನ್ ತಂತಿಯ ಜಾಗದಲ್ಲಿ ಉಕ್ಕಿನ ತಂತಿ ಬಿಗಿದರೆ ಬ್ರಿಜ್ ಕಿತ್ತು ಬಂದೀತು.

ಅಂಗಡಿಗೆ ಗುರುಗಳನ್ನು ಕರೆದೊಯ್ಯಿರಿ. ಆದರೆ ಕೊನೆಯ ಆಯ್ಕೆಯನ್ನು ನುಡಿಸುವ ಕೈಗೇ ಬಿಡಿ.