ಕುದುರೆ ಮೇಲಿನ ಪೊಲೀಸು

ಡ್ರೋನ್ ಹಾರಾಡುವ ಕಾಲದಲ್ಲಿ ಪೊಲೀಸರಿಗೆ ಕುದುರೆ ಯಾಕೆ, ಮೆರವಣಿಗೆಗೆ ನಾಲ್ಕು ಇಟ್ಟುಕೊಂಡರೆ ಸಾಲದೇ ಎಂದು ಟೀವಿ ಚರ್ಚೆಯಲ್ಲಿ ಒಬ್ಬರು ನಕ್ಕರು. ಮೈಸೂರಿನ ಅಶ್ವದಳವನ್ನು ಜಂಬೂಸವಾರಿಯಲ್ಲಷ್ಟೇ ಕಂಡವರಿಗೆ ಹಾಗನ್ನಿಸಬಹುದು. ಅಂಥವರು ಒಂದು ಸಂಜೆ ಚೆನ್ನೈನ ಮರೀನಾದಲ್ಲಿ ನಿಂತು ನೋಡಬೇಕು.

ಅಲ್ಲಿ ರಸ್ತೆಯಿಂದ ನೀರಿನವರೆಗೆ ಮರಳೋ ಮರಳು. ಜೀಪಿನ ಚಕ್ರ ಹೂತುಕೊಳ್ಳುತ್ತದೆ, ಬೂಟು ತೊಟ್ಟ ಪೇದೆ ಸ್ವಲ್ಪ ದೂರಕ್ಕೇ ಏದುಸಿರು ಬಿಡುತ್ತಾನೆ. ಕುದುರೆಗೆ ಆ ತಾಪತ್ರಯವಿಲ್ಲ. ಜೀನಿನ ಮೇಲೆ ಕೂತವನಿಗೆ ಸುಂಡಲ್ ಮಾರುವವರ, ಗಾಳಿಪಟದ ಹುಡುಗರ ತಲೆಯಾಚೆಗೂ ಅಲೆಯ ಅಂಚು ಕಾಣುತ್ತದೆ. ಮರೀನಾದ ನೀರಿನ ಸೆಳೆತ ಬಲು ಕೆಟ್ಟದ್ದು. ಆಡಲು ಇಳಿದು ಪ್ರಾಣ ಕಳೆದುಕೊಂಡವರು ಅನೇಕರು. ಸೊಂಟದ ಮಟ್ಟ ಇಳಿದ ಕಾಲೇಜು ಹುಡುಗರನ್ನು ಸವಾರ ಗದರಿಸಿ ಮೇಲೆ ಹತ್ತಿಸುತ್ತಾನೆ. ಡ್ರೋನ್ ಅದನ್ನೆಲ್ಲ ವಿಡಿಯೋ ಮಾಡೀತು. ಮಗು ತಪ್ಪಿಸಿಕೊಂಡ ತಾಯಿ ಡ್ರೋನಿನ ಹತ್ತಿರ ಓಡುತ್ತಾಳೆಯೇ?

ಮರೀನಾದಲ್ಲಿ ಬಲೂನಿಗೆ ಗುರಿಯಿಟ್ಟು ಹೊಡೆಯುವ ಅಂಗಡಿಗಳಿವೆ. ಹುಟ್ಟಾ ಪುಕ್ಕಲು ಪ್ರಾಣಿಯಾದ ಕುದುರೆ ಆ ಪಟಪಟ ಸದ್ದಿಗೆ ಬೆಚ್ಚದೆ ಹಾದುಹೋಗಬೇಕಾದರೆ ತಿಂಗಳುಗಟ್ಟಲೆ ಪಳಗಿಸಬೇಕು. ಲಾಯದಲ್ಲಿ ಮೈ ತಿಕ್ಕಬೇಕು, ಒಂದೊಂದೇ ಕಾಲೆತ್ತಿ ಗೊರಸಿನ ಸಂದಿಯ ಮರಳು ಕೆರೆಯಬೇಕು, ಲಾಳ ಸಡಿಲಾಗಿದೆಯೇ ನೋಡಬೇಕು. ಇಷ್ಟು ಕಲಿಯುವುದರಲ್ಲಿ ಸವಾರನ ಅರ್ಧ ಸರ್ವೀಸು ಕಳೆದಿರುತ್ತದೆ. ಅವನು ಗದರಿಸಿದ್ದರಿಂದ ಮುಳುಗದೆ ಮನೆಗೆ ಹೋದವರ ಲೆಕ್ಕವಂತೂ ಯಾವ ರಿಜಿಸ್ಟರಿನಲ್ಲೂ ಇಲ್ಲ. ಕಳ್ಳನನ್ನು ಹಿಡಿದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಇವನಿಗೆ ಆ ಭಾಗ್ಯವೂ ಇಲ್ಲ.

ಅಶ್ವದಳ ಬ್ರಿಟಿಷರ ಪಳೆಯುಳಿಕೆ ಎನ್ನುವವರು ಮೊದಲು ಖಾಕಿಯನ್ನು ತೆಗೆಸಲಿ. ಆದರೆ ಇನ್ನೊಂದು ಆಕ್ಷೇಪಣೆಯನ್ನು ಹಾಗೆ ತಳ್ಳಿಹಾಕಲಾರೆ. 1984ರ ಜೂನ್ 18ರಂದು ಇಂಗ್ಲೆಂಡಿನ ಆರ್‌ಗ್ರೀವ್‌ನಲ್ಲಿ ಮುಷ್ಕರ ಹೂಡಿದ್ದ ಗಣಿ ಕಾರ್ಮಿಕರ ಮೇಲೆ ಪೊಲೀಸರು ಕುದುರೆ ನುಗ್ಗಿಸಿದರು. ಆ ಚಿತ್ರಗಳನ್ನು ಕಂಡವರಿಗೆ ಕುದುರೆ ಎಂದರೆ ಗೊರಸಿನ ಭಯವೇ. ಲಾಠಿಯ ವಿಷಯದಲ್ಲೂ ಇದೇ ಮಾತು ಎನ್ನಬಹುದು, ಆದರೆ ಲಾಠಿ ಅರ್ಧ ಟನ್ ತೂಗುವುದಿಲ್ಲ. ಹಾಗಾಗಿ ನಾನು ಕೇಳುವುದು ಗಸ್ತಿನ ಕುದುರೆಯನ್ನು ಮಾತ್ರ. ಪ್ರತಿಭಟನೆಗೆ ಅದನ್ನು ಒಯ್ಯಕೂಡದು.

ಕುದುರೆ ಎಲ್ಲಿ ಬೇಕು ಎನ್ನುವುದನ್ನೇ ಮುಂಬೈ ತಲೆಕೆಳಗು ಮಾಡಿತು. ವಾಹನ ಹೆಚ್ಚಾಯಿತೆಂದು 1932ರಲ್ಲಿ ಅಶ್ವದಳವನ್ನು ಮುಚ್ಚಿದ ಊರು ಅದು. 2020ರಲ್ಲಿ ಮತ್ತೆ ತರುತ್ತೇವೆಂದಾಗ ಕೊಟ್ಟ ಕಾರಣಗಳಲ್ಲಿ ಟ್ರಾಫಿಕ್ ನಿಯಂತ್ರಣವೂ ಒಂದು! ಡಾಂಬರಿನ ಮೇಲೆ ಲಾಳ ಜಾರುತ್ತದೆ, ಹೊಗೆ ನೇರ ಮೂಗಿಗೆ. ಗಿರ್‌ಗಾಂವ್ ಚೌಪಾಟಿ, ಜುಹೂಗಳಲ್ಲಿ ಅಷ್ಟೊಂದು ಮರಳಿರುವಾಗ ಕುದುರೆಯನ್ನು ಸಿಗ್ನಲ್ಲಿನಲ್ಲಿ ನಿಲ್ಲಿಸುವ ಯೋಚನೆ ಯಾರಿಗೆ ಹೊಳೆಯಿತೋ!